ಏನೂ ಇಲ್ಲದ ರೀಲು

ನಿದ್ದೆ ಮಾಡುವುದು ಅಪರಾಧವೇನಲ್ಲ. ಎಚ್ಚರವಾದ ಮೇಲೆ "ಛೇ, ನಾನೆಲ್ಲಿ ಮಲಗಿದ್ದೆ? ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ" ಎನ್ನುತ್ತೇವಲ್ಲ, ತೊಂದರೆ ಶುರುವಾಗುವುದು ಅಲ್ಲಿಂದ. ಕಳವು ಮಾಡಿದವರು ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡದ್ದನ್ನು ಕೇಳಿದ್ದೇನೆ. ಸಭೆಯಲ್ಲಿ, ಪುರಾಣದಲ್ಲಿ, ಸಿನಿಮಾದಲ್ಲಿ ನಿದ್ದೆ ಮಾಡಿದವನು ಒಪ್ಪಿಕೊಂಡದ್ದನ್ನು ಇದುವರೆಗೆ ಕೇಳಿಲ್ಲ. ನಾನಂತೂ ಎಂದೂ ಒಪ್ಪಿಕೊಂಡವನಲ್ಲ. ಒಮ್ಮೆ ಶಿರಹಟ್ಟಿಯ ಕಡೆ ಶಾಲೆಯೊಂದರ ಸಮಾರಂಭಕ್ಕೆ ನನ್ನನ್ನು ವಂದನಾರ್ಪಣೆಗೆ ಕರೆಸಿದ್ದರು. ಊಟಕ್ಕೆ ಗೋದಿ ಹುಗ್ಗಿ. ಊಟವಾದ ಮೇಲೆ ಮುಖ್ಯ ಅತಿಥಿಗಳ ಭಾಷಣ. ಚಪ್ಪಾಳೆಯ ಸದ್ದಿಗೆ ಎಚ್ಚರವಾಯಿತು. ಎದ್ದು ನಿಂತು, ವಚನ ಸಾಹಿತ್ಯದ ಮೇಲೆ ಇಷ್ಟು ಮನಮುಟ್ಟುವಂತೆ ಬೆಳಕು ಚೆಲ್ಲಿದ ಅತಿಥಿಗಳಿಗೆ ನಾವೆಲ್ಲ ಋಣಿಗಳು ಎಂದೆ. ಅತಿಥಿಗಳು ದನದ ಡಾಕ್ಟರು. ಮುಕ್ಕಾಲು ತಾಸು ಅವರು ಮಾತಾಡಿದ್ದು ಎತ್ತುಗಳಿಗೆ ಬರುವ ಕಾಲುಬಾಯಿ ಬೇನೆಯ ಮೇಲೆ. ನಮ್ಮ ಕಡೆಯ ಜನ ಮರ್ಯಾದಸ್ಥರು, ಯಾರೂ ನಗಲಿಲ್ಲ. ಡಾಕ್ಟರು ಎದ್ದು ಬಂದು ನನ್ನ ಕೈ ಕುಲುಕಿ "ಭಾಳ ಚೊಲೊ ಮಾತಾಡಿದ್ರಿ" ಎಂದರು. ಆ ನಾಚಿಕೆಯನ್ನು ನಾನು ಬಸ್ಸು ಗದಗ ಮುಟ್ಟುವುದರೊಳಗೆ ಮರೆತೆ, ಏಕೆಂದರೆ ಅದರಿಂದ ಯಾವ ಎತ್ತಿಗೂ ತೊಂದರೆಯಾಗಲಿಲ್ಲ. ಈಗ ಹೇಳಹೊರಟಿರುವುದು ಮರೆಯಲು ಆಗದೆ ಉಳಿದ ನಾಚಿಕೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಗದಗಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ, ಮನೆ ಮಾತ್ರ ಬೆಟಗೇರಿಯ ನೇಕಾರರ ಓಣಿಯಲ್ಲಿ. ನನ್ನ ಹೆಂಡತಿ ಶಾರದಾ ಲಕ್ಷ್ಮೇಶ್ವರದವಳು. ಮದುವೆಯಾಗಿ ಬಂದ ಹೊಸದರಲ್ಲಿ ಮಗ್ಗದ ಸಪ್ಪಳಕ್ಕೆ ತಲೆ ಹಿಡಿದುಕೊಂಡು ಕೂರುತ್ತಿದ್ದವಳು, ವರ್ಷ ತುಂಬುವುದರೊಳಗೆ ಅಮಾವಾಸ್ಯೆಯ ದಿನ ಮಗ್ಗಗಳಿಗೆ ಸೂಟಿ ಇದ್ದು ಓಣಿ ಸುಮ್ಮನಾದರೆ "ಏನೋ ಕಳಕೊಂಡಂಗ ಆಗ್ತೈತ್ರಿ" ಎನ್ನುವಂತಾದಳು. ನಮಗೂ ಪಕ್ಕದ ಮನೆಯ ವಿರೂಪಾಕ್ಷಪ್ಪನವರಿಗೂ ನಡುವೆ ಒಂದೇ ಗೋಡೆ. ಅವರು ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಎಸೆದರೆ ನಮ್ಮ ಅಡುಗೆಮನೆಯ ತಟ್ಟೆಗಳು ಸಣ್ಣಗೆ ಅಲುಗುತ್ತಿದ್ದವು. ಅವರ ಹೆಂಡತಿ ನೀಲವ್ವನ ಕೆಲಸಕ್ಕೆ ಮಾತ್ರ ಸದ್ದಿರಲಿಲ್ಲ. ನಮ್ಮ ಕಡೆಯ ಸೀರೆಗೆ ಮೈಯ ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಒಂದೊಂದು ಎಳೆಗೂ ಕೊಂಡಿ ಹಾಕಿ ಜೋಡಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಸೆರಗು ಅಲ್ಲಿ ಬಾಯಿ ಬಿಡುತ್ತದೆ. ನೀಲವ್ವ ಐವತ್ತು ದಾಟಿದ ಹೆಂಗಸು. ಬಾಗಿಲ ಬೆಳಕಿಗೆ ಬೆನ್ನು ಬಾಗಿಸಿ ಕೂತು, ನನ್ನ ಕಣ್ಣಿಗೆ ಇದೆಯೋ ಇಲ್ಲವೋ ಎನ್ನುವಂಥ ಎಳೆಗಳನ್ನು ಹಿಡಿದು ಹಿಡಿದು ಕೊಂಡಿ ಹಾಕುತ್ತಿದ್ದಳು. ಆ ಕೊಂಡಿಗಳ ತುದಿಗಳೆಲ್ಲ ಸೀರೆಯ ಒಳಮೈಗೆ ಬರುತ್ತವೆ. ಉಟ್ಟಾಗ ಯಾರಿಗೂ ಕಾಣುವುದಿಲ್ಲ, ಕಾಣಲೂ ಬಾರದು.

ಆ ವರ್ಷ ಲಕ್ಕುಂಡಿಗೆ ಸಿನಿಮಾದವರು ಬಂದರು. ರಾಜಮನೆತನದ ಹಳೆಯ ಕಾಲದ ಕಥೆಯಂತೆ, ಗುಡಿಗಳೂ ಮೆಟ್ಟಿಲ ಬಾವಿಯೂ ಅವರಿಗೆ ಬೇಕಾಗಿದ್ದವಂತೆ. ಸಿನಿಮಾದ ಹೆಸರು ಹೇಳುವುದಿಲ್ಲ. ತೆಗೆದವರು ಇದನ್ನು ಓದಿದರೆ ಅವರ ಎದುರಿಗೂ ನಾನು ತಲೆ ತಗ್ಗಿಸಬೇಕಾದೀತು, ಒಬ್ಬರ ಎದುರಿಗೆ ತಗ್ಗಿಸಿದ್ದೇ ನನಗೆ ಸಾಕಾಗಿದೆ. ಅವರಲ್ಲಿ ಉಡುಗೆ ತೊಡುಗೆ ನೋಡಿಕೊಳ್ಳುವವರೊಬ್ಬರು ರಾಣಿಗಾಗಿ ಹಳೆಯ ನಮೂನೆಯ ಕೈಮಗ್ಗದ ಸೀರೆ ಹುಡುಕಿಕೊಂಡು ಬೆಟಗೇರಿಗೆ ಬಂದು, ನಾಲ್ಕು ಮನೆ ತಿರುಗಿ, ವಿರೂಪಾಕ್ಷಪ್ಪನವರ ಮನೆಯಲ್ಲಿ ಕೂತರು. ದಾಳಿಂಬರಿ ಬಣ್ಣದ ಮೈ, ಕೆಂಪು ಬಿಳಿಯ ಸೆರಗು. ಮೂರು ವಾರ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಸೀರೆ ಮಗ್ಗದಿಂದ ಇಳಿದ ದಿನವೇ ಅದನ್ನು ಒಯ್ದರು. ಯಾವಾಗ ಶೂಟಿಂಗು, ಯಾವಾಗ ಮುಗಿಯಿತು, ಯಾರೂ ತಿಳಿಸಲಿಲ್ಲ. ಇವರು ಲಕ್ಕುಂಡಿಗೆ ಹೋಗಬೇಕೆನ್ನುವಷ್ಟರಲ್ಲಿ ಅವರ ಗಾಡಿಗಳು ಊರು ಬಿಟ್ಟಿದ್ದವು.

"ಹೋಗ್ಲಿ ಬಿಡ್ರಿ, ಸಿನಿಮಾದಾಗ ನೋಡೂಣು" ಎಂದಳು ನೀಲವ್ವ. ಆಮೇಲೆ ಶಾರದಾಳ ಮುಂದೆ ಒಂದು ಮಾತು ಹೇಳಿದಳಂತೆ. "ಮದುವಿಯಾಗಿ ಬಂದಾಗಿಂದ ಕೊಂಡಿ ಹಾಕೇನಿ ನೋಡವ್ವ. ಕತ್ತರಿಸಿದ ಕೂಡ್ಲೆ ನೂಲು ಕೊಟ್ಟ ಸಾವ್ಕಾರ ಮಡಚಿ ಒಯ್ತಾನ. ಅದನ್ನ ಯಾರು ಉಡ್ತಾರ, ಹೆಂಗ ಕಾಣ್ತಾರ, ಒಂದಿನಾನೂ ನೋಡಿಲ್ಲ. ನಮ್ಮ ಸೀರಿ ನಡದಾಡೋದು ಒಮ್ಮೆರ ಕಣ್ಣೀಲೆ ನೋಡಬೇಕು." ಈ ಮಾತು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದಿನದೆಲ್ಲ ಮಾಡಿದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಒಂದು ವರ್ಷದ ಮೇಲೆ ಸಿನಿಮಾ ಗದಗಿನ ಟಾಕೀಜಿಗೆ ಬಂತು. ಪ್ರಶಸ್ತಿ ಬಂದ ಚಿತ್ರ ಎಂದು ಗೋಡೆಗಳ ಮೇಲೆ ಬರೆದಿದ್ದರು. ಅಂಥ ಚಿತ್ರ ಬಂದಾಗ ಊರಿನಲ್ಲಿ ಕನ್ನಡ ಮಾಸ್ತರನ ಜವಾಬ್ದಾರಿ ದೊಡ್ಡದು, ಮೊದಲ ದಿನ ಹೋಗಿ ನೋಡಿ ಅಭಿಪ್ರಾಯ ಹೇಳಬೇಕು. ಶುಕ್ರವಾರ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮ್ಯಾಟಿನಿಗೆ ಹೋದೆ. ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ, ತಲೆಯ ಮೇಲೆ ಫ್ಯಾನು.

ಚಿತ್ರ ಸುಂದರವಾಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಎಷ್ಟು ದೀಪಗಳು, ಎಷ್ಟು ಕಂಬಗಳು, ಪಲ್ಲಕ್ಕಿಗೆ ಎಂಥ ಜರತಾರಿ ಪರದೆ! ಆದರೆ ಅವರಿಗೆ ಯಾವುದಕ್ಕೂ ಅವಸರವಿರಲಿಲ್ಲ. ರಾಣಿ ಕಿಟಕಿಯ ಕಡೆ ನಡೆದಳು. ನಡೆದೇ ನಡೆದಳು. ಕಿಟಕಿ ತೆರೆದಳು. ಹೊರಗೆ ನೋಡಿದಳು. ನಾವೂ ಹೊರಗೆ ನೋಡಿದೆವು. ಅಲ್ಲಿ ಒಂದು ನವಿಲು ಇತ್ತು, ಅದೂ ಯಾವುದೋ ಯೋಚನೆಯಲ್ಲಿತ್ತು. ದೊರೆ ಆನೆ ಏರಲು ಕಾಲೆತ್ತಿದಾಗ ಕೆಳಗಿನ ಬೆಂಚಿನಿಂದ ಒಬ್ಬ ಎದ್ದು ಹೋದದ್ದನ್ನು ನೋಡಿದೆ. ಅವನು ಎದುರಿನ ಅಂಗಡಿಯಲ್ಲಿ ಮಿರ್ಚಿ ತಿಂದು, ಚಹಾ ಕುಡಿದು, ಬಾಯಿ ಒರೆಸಿಕೊಳ್ಳುತ್ತ ಬಂದು ಕೂತಾಗ ದೊರೆ ಇನ್ನೂ ಆನೆಯ ಅರ್ಧಕ್ಕಿದ್ದ. "ಮಾವುತಾ, ಜಲ್ದಿ ಎಬ್ಬಿಸೋ!" ಎಂದು ಯಾರೋ ಕೂಗಿದರು. ನಾನು ತಿರುಗಿ ಅವರನ್ನು ಗದರಿಸುವ ಹಾಗೆ ನೋಡಿದೆ. ಕಲೆಯನ್ನು ಹೀಗೆ ಅವಮಾನಿಸಬಾರದು ಎನ್ನುವ ನೋಟ ಅದು. ಇಂಟರ್ವಲ್ ಆದ ಮೇಲೆ ರಾಣಿ ಅಂತಃಪುರದ ಬಾಗಿಲ ಹತ್ತಿರ ಬಂದು ಹೊಸ್ತಿಲ ಮೇಲೆ ಒಂದು ಕಾಲಿಟ್ಟಳು. ಎರಡನೆಯ ಕಾಲಿಡುವುದನ್ನು ನಾನು ನೋಡಲಿಲ್ಲ. ಕಣ್ಣು ಬಿಟ್ಟಾಗ ಅರಮನೆಯಲ್ಲಿ ಎಲ್ಲರೂ ಬಿಳಿ ಉಟ್ಟು ಅಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಚಿತ್ರ ಮುಗಿಯಿತು.

ಕೆಳಗಿಳಿದು ಬರುವಾಗ ಮೆಟ್ಟಿಲಲ್ಲಿ ಖಾದರಸಾಬ್ ಸಿಕ್ಕರು. ಟಾಕೀಜಿನ ಆಪರೇಟರ್ ಅವರೇ. ಮುಂಡರಗಿಯ ಟೂರಿಂಗ್ ಟಾಕೀಜಿನಲ್ಲಿ ಕೆಲಸ ಕಲಿತು ಬಂದು, ಸಾವಿರಗಟ್ಟಲೆ ಚಿತ್ರ ಓಡಿಸಿದವರು. ಆದರೆ ತಾವು ಓದು ಬರಹ ಬಲ್ಲವರಲ್ಲವೆಂದು ನನ್ನಂಥವರಿಗೆ ಸುಮ್ಮನೆ ಮರ್ಯಾದೆ ಕೊಡುತ್ತಿದ್ದರು.

"ಮಾಸ್ತರ, ಒಂದು ಮಾತು. ಮಂದಿ ಕುರ್ಚಿ ಮುರ್ಯಾಕ ಹತ್ಯಾರ. ಮ್ಯಾನೇಜರ್ರು ಒಂದು ರೀಲ ಕಡಿಮಿ ಮಾಡು ಅಂತಾರ. ನನಗ ಕತ್ತರಿ ಹಾಕಾಕ ಮನಸ್ಸಿಲ್ಲ. ನೀವು ಶಾಣ್ಯಾರು, ಪೂರಾ ನೋಡೀರಿ. ಯಾವುದು ತಗದ್ರ ಕಥಿ ಕೆಡಂಗಿಲ್ಲ?"

ಇಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯ ಏನು ಹೇಳಬೇಕಾಗಿತ್ತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ನಾನು ಹುಬ್ಬು ಗಂಟಿಕ್ಕಿ, ಗದ್ದಕ್ಕೆ ಕೈ ಹಚ್ಚಿ, ಕತೆಯನ್ನೆಲ್ಲ ಮನಸ್ಸಿನಲ್ಲಿ ಒಮ್ಮೆ ತಿರುವಿ ಹಾಕಿದವನಂತೆ ಮುಖ ಮಾಡಿದೆ. ಎಚ್ಚರವಿದ್ದಾಗ ನೋಡಿದ್ದರಲ್ಲಿ ಯಾವುದನ್ನು ತೆಗೆಯೆಂದರೂ ಖಾದರಸಾಬ್ ಏನಾದರೂ ಕೇಳಿದರೆ ಉತ್ತರ ಕೊಡಬೇಕಾಗುತ್ತಿತ್ತು. ನೋಡದೆ ಇದ್ದದ್ದರ ಬಗ್ಗೆ ಧೈರ್ಯವಾಗಿ ಹೇಳುವುದೇ ಸುಲಭ.

"ಇಂಟರ್ವಲ್ ಆದ ಮ್ಯಾಲೆ, ರಾಣಿ ಹೊಸ್ತಿಲ ದಾಟ್ತಾಳಲ್ಲ, ಆ ರೀಲು ತಗೀರಿ. ಅದರಾಗ ಏನೂ ಇಲ್ಲ" ಎಂದೆ.

ಮನೆಗೆ ಬಂದರೆ ಕಟ್ಟೆಯ ಮೇಲೆ ವಿರೂಪಾಕ್ಷಪ್ಪನವರೂ ನೀಲವ್ವನೂ ಕಾದು ಕೂತಿದ್ದರು. ಅಮಾವಾಸ್ಯೆ ಬಿಟ್ಟರೆ ಸಂಜೆಯ ಹೊತ್ತು ಆ ಮಗ್ಗ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬಂತೇನ್ರಿ ಮಾಸ್ತರ, ನಮ್ಮ ಸೀರಿ?" ಎಂದರು ವಿರೂಪಾಕ್ಷಪ್ಪನವರು.

"ಬಂತ್ರಿ" ಎಂದೆ.

"ಹೆಂಗ ಕಂಡ್ತು?"

"ಏನು ಕೇಳ್ತೀರಿ, ಪರದೆ ತುಂಬ ಅದ! ಸೆರಗಂತೂ ಬೆಳಕಿಗೆ ಹಂಗ ಮಿರಿಮಿರಿ ಮಿಂಚ್ತಿತ್ತು."

ನೀಲವ್ವ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು. ಭಾನುವಾರ ಅಮಾವಾಸ್ಯೆ, ಮಗ್ಗಕ್ಕೆ ಸೂಟಿ, ಅವತ್ತು ಇಡೀ ಓಣಿಯೇ ಮ್ಯಾಟಿನಿಗೆ ಹೋಗುವುದೆಂದು ಅಲ್ಲೇ ನಿಶ್ಚಯವಾಯಿತು. ನಾನು ಒಳಗೆ ಹೋದೆ. ಶಾರದಾ ನನ್ನ ಮುಖವನ್ನು ಎರಡು ಸಲ ನೋಡಿದಳು.

"ಎಡಗಲ್ಲದ ಮ್ಯಾಲೆ ಕುರ್ಚಿ ಬೆತ್ತದ ಹೆಣಿಕಿ ಮೂಡೈತ್ರಿ. ಎಷ್ಟೊತ್ತು ಮಲಗಿದ್ರಿ?"

"ಮಲಗಿಲ್ಲ, ಒರಗಿದ್ದೆ" ಎಂದೆ.

ಭಾನುವಾರ ಮೂವತ್ತು ಮಂದಿ ಹೋದೆವು. ಶಾರದಾಳ ತವರಿನವರು ಬರುವವರಿದ್ದರಿಂದ ಅವಳೊಬ್ಬಳು ಬರಲಿಲ್ಲ. ನೀಲವ್ವ ತಲೆಗೆ ಹೂವು ಮುಡಿದು, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟಿದ್ದಳು. ಟಾಕೀಜಿನೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ನನ್ನನ್ನು ಗೌರವದಿಂದ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಸತ್ತರೂ ಕಣ್ಣು ಮುಚ್ಚಬಾರದೆಂದು ಆಣೆ ಮಾಡಿಕೊಂಡು ಹೋಗಿದ್ದೆ, ಮುಚ್ಚಲಿಲ್ಲ. ಆದರೆ ನೇಕಾರರ ವಿಷಯ ಬೇರೆ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲಿ ಎಚ್ಚರವಿದ್ದು ರೂಢಿಯಾದವರು, ಸದ್ದು ನಿಂತರೆ ಅವರಿಗೆ ಅದು ಮಲಗುವ ಹೊತ್ತು. ಈ ಚಿತ್ರದಲ್ಲಂತೂ ಹತ್ತು ನಿಮಿಷಕ್ಕೊಮ್ಮೆ ಒಂದು ತಂಬೂರಿಯ ತಂತಿ ಮಿಡಿಯುತ್ತಿತ್ತು ಅಷ್ಟೆ. ದೊರೆ ಆನೆ ಏರುವಷ್ಟರಲ್ಲಿ ನಮ್ಮ ಸಾಲು ಪೂರ್ತಿ ಮಲಗಿತ್ತು. ವಿರೂಪಾಕ್ಷಪ್ಪನವರ ತಲೆ ನನ್ನ ಹೆಗಲ ಮೇಲೆ. ನೀಲವ್ವ ಒಬ್ಬಳು ಮಾತ್ರ ಕುರ್ಚಿಯ ಅಂಚಿಗೆ ಬಂದು, ಬಾಲ್ಕನಿಯ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಕೊಂಡಿ ಹಾಕುವಾಗ ಕೂರುವ ಹಾಗೆಯೇ ಬೆನ್ನು ಬಾಗಿಸಿ ನೋಡುತ್ತಿದ್ದಳು.

ಇಂಟರ್ವಲ್ ಆಯಿತು. ರಾಣಿ ಹೊಸ್ತಿಲ ಮೇಲೆ ಕಾಲಿಟ್ಟಳು. ಮರುಕ್ಷಣ ಅರಮನೆಯಲ್ಲಿ ಎಲ್ಲರೂ ಬಿಳಿ ಉಟ್ಟು ಅಳುತ್ತ ನಿಂತಿದ್ದರು.

ಅಲ್ಲಿಯವರೆಗೆ ಒಂದೇ ಒಂದು ದಾಳಿಂಬರಿ ಸೀರೆ ಬಂದಿರಲಿಲ್ಲ. ಇನ್ನು ರಾಣಿಯೇ ಇಲ್ಲ, ಸೀರೆ ಎಲ್ಲಿಂದ ಬರಬೇಕು? ಅದು ಇದ್ದದ್ದು ಆ ರೀಲಿನಲ್ಲಿ, ಏನೂ ಇಲ್ಲದ ರೀಲಿನಲ್ಲಿ. ನೀಲವ್ವ ಕೊನೆಯ ಅಕ್ಷರ ಬಂದು ಪರದೆ ಬೆಳ್ಳಗಾಗುವವರೆಗೆ ಕಣ್ಣು ತೆಗೆಯಲಿಲ್ಲ.

ಹೊರಗೆ ಬಿಸಿಲಿಗೆ ಬಂದು ನಿಂತಾಗ ಅವಳು ಗಂಡನನ್ನು ಮೆಲ್ಲಗೆ ಕೇಳಿದಳು, "ಸೀರಿ ಬಂತೇನ್ರಿ?"

ವಿರೂಪಾಕ್ಷಪ್ಪನವರ ಕಣ್ಣು ಕೆಂಪಗಿದ್ದವು. ಓಣಿಯ ಮುಂದೆ, ತಾವೇ ನೇಯ್ದ ಸೀರೆ ಬರುವ ಸಿನಿಮಾದಲ್ಲಿ ನಿದ್ದೆ ಮಾಡಿದೆ ಎಂದು ಅವರಾದರೂ ಹೇಗೆ ಹೇಳಿಯಾರು? "ಬಂತಲ್ಲ! ಮಾಸ್ತರು ಹೇಳಿದಂಗ ಪರದೆ ತುಂಬ ಬಂತು. ನೀ ಎತ್ತಾಗ ನೋಡಾಕತ್ತಿದ್ದಿ?" ಎಂದರು. "ಹೌದಬೇ, ಭಾರಿ ಕಂಡ್ತು" ಎಂದ ಒಬ್ಬ. "ಸೆರಗು ಹಂಗ ಮಿಂಚಿದ್ದ ಮಿಂಚಿದ್ದು" ಎಂದ ಇನ್ನೊಬ್ಬ. ಅದು ನಾನು ಶುಕ್ರವಾರ ಹೇಳಿದ್ದ ಮಾತು. ಎಲ್ಲರೂ ಮಲಗಿದ್ದರು, ಎಲ್ಲರೂ ನೋಡಿದ್ದರು.

ಆಗ ಅವಳು ನನ್ನ ಕಡೆ ತಿರುಗಿದಳು. "ಮಾಸ್ತರ, ನೀವು ಶಾಣ್ಯಾರು. ನಿಮಗೂ ಕಂಡ್ತೇನ್ರಿ?"

ಮೂವತ್ತು ಮಂದಿ ನನ್ನ ಮುಖ ನೋಡುತ್ತಿದ್ದರು. ಒಂದೇ ಒಂದು ಮಾತು ಸಾಕಾಗಿತ್ತು. ಇಲ್ಲ ಎಂದರೆ ಶುಕ್ರವಾರದ ಮಾತು ಏನಾಯಿತೆಂದು ಕೇಳುತ್ತಿದ್ದರು, ರೀಲು ಎಲ್ಲಿ ಹೋಯಿತೆಂದು ಕೇಳುತ್ತಿದ್ದರು.

"ಕಂಡ್ತ್ರಿ" ಎಂದೆ.

ಅವಳು ತಲೆ ಆಡಿಸಿದಳು. ದಾರಿಯುದ್ದಕ್ಕೂ ಕಣ್ಣು ಉಜ್ಜಿಕೊಳ್ಳುತ್ತ ನಡೆದಳು.

ಸೋಮವಾರ ಅಮಾವಾಸ್ಯೆ ಕಳೆದಿತ್ತು. ಓಣಿಯೆಲ್ಲ ಸದ್ದು ಶುರುವಾಯಿತು, ನಮ್ಮ ಗೋಡೆಯ ಆಚೆ ಮಾತ್ರ ಇಲ್ಲ. ಅಡುಗೆಮನೆಯ ತಟ್ಟೆಗಳು ಸುಮ್ಮನೆ ಕೂತಿದ್ದವು. ಶಾರದಾ ಹೋಗಿ ನೋಡಿ ಬಂದು ಹೇಳಿದಳು. ನೀಲವ್ವ ಕೊಂಡಿ ಹಾಕುವುದನ್ನು ಬಿಟ್ಟಿದ್ದಾಳಂತೆ. "ಇಡೀ ಓಣಿಗೆ ಕಂಡದ್ದು, ಮಾಸ್ತರಿಗೆ ಎರಡು ಸಲ ಕಂಡದ್ದು ನನಗ ಕಾಣಲಿಲ್ಲ. ನನ್ನ ಕಣ್ಣು ಹೋದುವವ್ವ. ಎಳಿ ಹುಡುಕ್ಯಾಡೋ ಕೈ ಎಂದೋ ಹೇಳತಿದ್ವು, ನಾನ ಕೇಳ್ಲಿಲ್ಲ. ಇನ್ನ ಮ್ಯಾಲೆ ನಾ ಹಾಕಿದ ಕೊಂಡಿ ಬಿಚ್ಚಿದ್ರ ನಮ್ಮನಿಯವರ ಹೆಸರು ಕೆಡ್ತೈತಿ" ಎಂದಳಂತೆ. ಕೆಲಸವನ್ನು ಹಿಂದಿನ ಓಣಿಯವಳೊಬ್ಬಳಿಗೆ ಕೊಡುವ ಮಾತು ನಡೆದಿತ್ತು. ಹುಬ್ಬಳ್ಳಿಗೆ ಕರೆದೊಯ್ದು ಕಣ್ಣು ತೋರಿಸಬೇಕೆಂದು ವಿರೂಪಾಕ್ಷಪ್ಪನವರು ಸಪ್ಪೆ ಮುಖ ಮಾಡಿಕೊಂಡು ಕೂತಿದ್ದರಂತೆ. ಎಚ್ಚರವಾಗಿ ಚಿತ್ರ ನೋಡಿದ ಒಬ್ಬಳೇ ಒಬ್ಬ ಹೆಂಗಸು ತಾನು ಕುರುಡಿ ಎಂದು ನಂಬಿ ಬಾಗಿಲ ಬೆಳಕಿನಲ್ಲಿ ಕೈಕಟ್ಟಿ ಕೂತಿದ್ದಳು.

ಹೇಳಿಬಿಡಬೇಕೆಂದು ಸಂಜೆ ಹೋದೆ. ಖರೆ ಹೇಳುತ್ತೇನೆ, ಹೇಳಬೇಕೆಂದೇ ಹೋಗಿದ್ದೆ. ಚಹಾ ಕೊಟ್ಟರು. ಚಹಾ ಕುಡಿಯುವಾಗ ಹೇಳುವುದು ಸರಿಯಲ್ಲವೆಂದು ಕುಡಿದು ಮುಗಿಸಿದೆ. ನೀಲವ್ವ "ಆ ಸೀರಿ ಹೊತ್ತಿಗೆ ರಾಣಿ ಏನು ಮಾಡ್ತಿದ್ಲರಿ?" ಎಂದು ಕೇಳಿದಳು. ನಾನು ಬಾಯಿ ತೆರೆದೆ, "ನಿಂತಿದ್ಲರಿ, ಕನ್ನಡಿ ಮುಂದ" ಎಂಬ ಮಾತು ಬಂತು. ಒಂದು ಸುಳ್ಳನ್ನು ಮುಗಿಸಲು ಹೋದವನು ಅದಕ್ಕೆ ಕನ್ನಡಿ ಜೋಡಿಸಿ ಎದ್ದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಹೊಸ್ತಿಲಲ್ಲಿ ನಿಂತು, "ಗಜ್ಜರಿ ತಿನ್ರಿ ನೀಲವ್ವಾರ, ಕಣ್ಣಿಗೆ ಭಾಳ ಚೊಲೊ" ಎಂದೆ. ಮರುದಿನ ವಿರೂಪಾಕ್ಷಪ್ಪನವರು ಸಂತೆಯಿಂದ ಚೀಲದ ತುಂಬ ಗಜ್ಜರಿ ತಂದದ್ದನ್ನು ಕಿಟಕಿಯಿಂದ ನೋಡಿದೆ. ಅವಳು ಕಟ್ಟೆಯ ಮೇಲೆ ಕೂತು ಔಷಧ ತಿನ್ನುವ ಮುಖದಲ್ಲಿ ಒಂದೊಂದೇ ಕಡಿದು ತಿನ್ನುತ್ತಿದ್ದಳು. ನನ್ನ ಜೀವನದಲ್ಲಿ ನಾನು ನೋಡಲಾರದೆ ಮುಖ ತಿರುಗಿಸಿದ ನೋಟ ಅದೊಂದೇ.

ಶಾರದಾಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. "ನಿಮ್ಮ ನಿದ್ದಿಗೆ ಆಕಿ ಕಣ್ಣು ಕಳದ್ರಲ್ಲರಿ" ಎಂದಳು. ಆಮೇಲೆ, "ನೀವ ಹೇಳ್ತೀರೋ, ನಾ ಹೇಳ್ಲೋ?" ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು. ಅವಳು ಅಷ್ಟು ಜೋರಾಗಿ ಬಡಿದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ನೇರವಾಗಿ ಹೇಳುವ ಧೈರ್ಯ ಆಗಲೂ ಬರಲಿಲ್ಲ. ಬೇರೆ ದಾರಿ ಹುಡುಕಿ ಖಾದರಸಾಬರ ಹತ್ತಿರ ಹೋದೆ. ಆ ರೀಲನ್ನು ಒಮ್ಮೆ ಹಾಕಿ ತೋರಿಸುವುದಾದೀತೇ ಎಂದು ಕೇಳಿದೆ. ಕೆಲಸದ ಮಂದಿ ತಮ್ಮ ಕೈಕೆಲಸ ನೋಡಬೇಕಾಗಿದೆ ಎಂದಷ್ಟೇ ಹೇಳಿದೆ, ಮಿಕ್ಕದ್ದನ್ನು ಹೇಳಲಿಲ್ಲ. ಅವರು ಮರುಮಾತಿಲ್ಲದೆ ಒಪ್ಪಿದರು. "ಗುರುವಾರ ಮುಂಜಾನೆ ಹತ್ತಕ್ಕ ಕರ್ಕೊಂಡು ಬರ್ರಿ. ಅವತ್ತು ಆಟ ಮುಗಿದ ಮ್ಯಾಲೆ ಡಬ್ಬಿ ಹುಬ್ಬಳ್ಳಿಗೆ ಹೋಗ್ತೈತಿ" ಎಂದರು. ನೀಲವ್ವನಿಗೆ, ಮುಂದಿನ ಕುರ್ಚಿಯಲ್ಲಿ ಕೂತು ನೋಡಿದರೆ ಕಂಡೀತು ಎಂದು ಹೇಳಿದೆ. ಅವಳು ಬರಲು ಒಪ್ಪಲಿಲ್ಲ. ಮತ್ತೊಮ್ಮೆ ಕಾಣದಿದ್ದರೆ ಏನು ಗತಿ ಎಂಬ ಹೆದರಿಕೆ ಅವಳಿಗೆ. ಶಾರದಾ ಕೈ ಹಿಡಿದು ಎಬ್ಬಿಸಿಕೊಂಡು ಬಂದಳು.

ಖಾಲಿ ಟಾಕೀಜು. ನಾವು ನಾಲ್ಕು ಮಂದಿ ಮುಂದಿನ ಸಾಲಿನಲ್ಲಿ ಕೂತೆವು. ದೀಪ ಆರಿತು. ನನ್ನ ಉಪಾಯ ಫಲಿಸಿತು, ಇನ್ನು ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಹಿಂದೆ ಮೇಲಿನ ಕಿಂಡಿಯಿಂದ ಖಾದರಸಾಬರ ದನಿ ಇಡೀ ಟಾಕೀಜು ತುಂಬುವಂತೆ ಕೇಳಿಸಿತು.

"ಮಾಸ್ತರ! ಶುಕ್ರವಾರ ನೀವು ಏನೂ ಇಲ್ಲಂತ ಹೇಳಿ ತಗಿಸಿದ ರೀಲು ಇದ ಹೌದಲ್ರಿ? ಅವತ್ತ ತಗದದ್ದು, ಇವತ್ತ ಹಾಕಾಕತ್ತೀನಿ!"

ಕತ್ತಲೆಗೆ ನಾನು ಇಷ್ಟು ಋಣಿಯಾದದ್ದು ಇನ್ನೊಮ್ಮೆ ಇಲ್ಲ. ಪಕ್ಕದಲ್ಲಿ ಬಳೆಯ ಸದ್ದಾಯಿತು. ನೀಲವ್ವ ಮೊದಲು ಗಂಡನ ಕಡೆ ತಿರುಗಿದಳು. ಭಾನುವಾರ ಇಲ್ಲದ ರೀಲಿನಲ್ಲಿ ಪರದೆ ತುಂಬ ಸೀರೆ ನೋಡಿದ ಆ ಮನುಷ್ಯ ಕೆಮ್ಮಿದರು. ಆಮೇಲೆ ಅವಳು ನನ್ನ ಕಡೆ ತಿರುಗಿದಳು. ನಾನು ಪರದೆಯನ್ನೇ ನೋಡುತ್ತಿದ್ದೆ. ಪರದೆಯ ಮೇಲೆ ಇನ್ನೂ ಏನೂ ಬಂದಿರಲಿಲ್ಲ.

ಬಂತು. ರಾಣಿ ಹೊಸ್ತಿಲು ದಾಟಿ, ಹಿತ್ತಿಲು ದಾಟಿ, ಲಕ್ಕುಂಡಿಯ ಬಾವಿಯ ಮೊದಲ ಮೆಟ್ಟಿಲ ಮೇಲೆ ನಿಂತಳು. ದಾಳಿಂಬರಿ ಸೀರೆ. ಬೆಳಗಿನ ಎಳೆ ಬಿಸಿಲು. ಒಂದು ಮೆಟ್ಟಿಲು ಇಳಿದಳು, ನಿಂತಳು. ಇನ್ನೊಂದು ಇಳಿದಳು. ನೀರಿಗೆ ಪ್ರಾಣ ಕೊಡಲು ಹೋಗುವ ಹೆಂಗಸು ಎಷ್ಟು ನಿಧಾನವಾಗಿ ಹೋಗುತ್ತಾಳೋ ಅಷ್ಟು ನಿಧಾನ. ಇಡೀ ಚಿತ್ರ ಮ್ಯಾಟಿನಿ ಪೂರ್ತಿ ತೂಕಡಿಸುತ್ತ ಬಂದದ್ದು ಈ ಮೆಟ್ಟಿಲುಗಳಿಗಾಗಿ ಎಂದು ಆಗ ನನಗೆ ತಿಳಿಯಿತು. ಇದನ್ನೇ ನಾನು ಏನೂ ಇಲ್ಲ ಎಂದು ತೆಗೆಸಿದ್ದೆ. ನಾಚಿಕೆಯಿಂದ ಕಣ್ಣು ಒದ್ದೆಯಾಗುತ್ತವೆ ಎಂಬುದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೂರನೆಯ ಮೆಟ್ಟಿಲಿಗೆ ರಾಣಿ ನಮಗೆ ಬೆನ್ನು ಮಾಡಿದಳು. ನೀಲವ್ವ ಕುರ್ಚಿಯಿಂದ ಎದ್ದೇಬಿಟ್ಟಳು.

"ಅಯ್ಯ ನಮ್ಮವ್ವ! ಉಲ್ಟಾ ಉಡಿಸ್ಯಾರ ನೋಡ್ರೀ! ಒಳಮೈ ಹೊರಗ ಐತಿ! ನೋಡ್ರಿ, ಕೊಂಡಿ ಅಷ್ಟೂ ಕಾಣಾಕತ್ತಾವು!"

ಹೌದು. ಬೆನ್ನ ಮೇಲೆ ಇಳಿಬಿದ್ದ ಸೆರಗಿನ ಜೋಡಣೆಯಲ್ಲಿ ಗಂಟುಗಳ ಸಾಲು. ಯಾರೂ ನೋಡಬಾರದ ಅವಳ ಕೈಕೆಲಸ ಅಲ್ಲಿ ಒಂದೊಂದೂ ಶೇಂಗಾಕಾಳಿನಷ್ಟು ದೊಡ್ಡದಾಗಿ ಬಿಸಿಲಿಗೆ ನಿಂತಿತ್ತು. ವಿರೂಪಾಕ್ಷಪ್ಪನವರು "ಥೂ ಇವರ, ಉಡಿಸಾಕ ಬರೂದಿಲ್ಲ" ಎಂದು ಬೈದರು. ಅವಳಿಗೆ ಅದು ಕೇಳಿಸಲಿಲ್ಲ. ನಿಂತೇ, ತೋರುಬೆರಳು ಮುಂದೆ ಚಾಚಿ, ತುಟಿ ಅಲುಗಿಸುತ್ತ, ಗಂಟು ಎಣಿಸುತ್ತಿದ್ದಳು. "ಒಂದೂ ಬಿಚ್ಚಿಲ್ಲ, ಒಂದೂ ಬಿಚ್ಚಿಲ್ಲ" ಎನ್ನುತ್ತಿದ್ದಳು. ಸೆರಗು ನೀರಿನ ಮೇಲೆ ತೇಲಿತು, ಮುಳುಗಿತು, ದೀಪ ಹತ್ತಿತು.

"ಆತಾ? ಇಷ್ಟ ಏನು?" ಎಂದಳು. ಊರೆಲ್ಲ ಬೇಗ ಮುಗಿಸಿರೆಂದು ಬೊಬ್ಬೆ ಹಾಕಿದ ಚಿತ್ರದ ಬಗ್ಗೆ ಹಾಗೆ ಕೇಳಿದವಳು ಅವಳೊಬ್ಬಳೇ. ಖಾದರಸಾಬ್ ಕಿಂಡಿಯಿಂದ "ಇನ್ನೊಮ್ಮೆ ಹಾಕ್ಲೇನಬೇ ಯವ್ವಾ?" ಎಂದರು. ಇನ್ನೊಮ್ಮೆ ಹಾಕಿದರು.

ಹೊರಗೆ ಬಂದು ಬೆಟಗೇರಿಯ ಕಡೆ ನಡೆಯುವಾಗ ಈಗಲಾದರೂ ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ. "ನೀಲವ್ವಾರ, ಒಂದು ಮಾತು…"

ಅವಳು ನನ್ನನ್ನು ಮುಂದುವರಿಯಲು ಬಿಡಲಿಲ್ಲ. "ನನ್ನ ಕಣ್ಣು ಚೊಲೊ ಅದಾವಂತ ಆತಲ್ರಿ ಮಾಸ್ತರ. ಗಜ್ಜರಿ ಉಳದಾವು, ನಿಮ್ಮನಿಗೆ ಕಳಸ್ತೀನಿ. ನೀವ ಒಮ್ಮೆ ನಿಮ್ಮವು ತೋರಿಸ್ಕೋರಿ. ಅಷ್ಟು ದೊಡ್ಡ ದೊಡ್ಡ ಕೊಂಡಿ ನಿಮಗ ಕಾಣಲಿಲ್ಲ ಅಂದ್ರ, ಮಕ್ಕಳಿಗೆ ಹೆಂಗ ಓದಿಸ್ತೀರಿ?"

ವಿರೂಪಾಕ್ಷಪ್ಪನವರು ತಲೆ ತಗ್ಗಿಸಿ ನಡೆಯುತ್ತಿದ್ದರು. ಶಾರದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಓಣಿಯಲ್ಲಿ ಸುಳ್ಳುಗಾರನಾಗಿ ಬದುಕುವುದಕ್ಕಿಂತ ಕಣ್ಣು ಮಂಜಾದವನಾಗಿ ಬದುಕುವುದು ವಾಸಿಯಲ್ಲವೇ? ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. "ಹೌದ್ರಿ, ಈಚೀಚೆಗೆ ಸ್ವಲ್ಪ ಕಡಿಮಿ ಕಾಣ್ತೈತಿ" ಎಂದೆ.

ಮಧ್ಯಾಹ್ನ ಗೋಡೆಯ ಆಚೆ ಲಾಳಿ ಓಡಿತು, ತಟ್ಟೆಗಳು ಅಲುಗಿದವು. ಆ ವಾರವೇ ಹೋಗಿ ಕಣ್ಣು ತೋರಿಸಿದೆ. ಡಾಕ್ಟರು ಎಲ್ಲಕ್ಕಿಂತ ಸಣ್ಣ ಅಕ್ಷರಗಳ ಸಾಲನ್ನು ಓದಿಸಿ, ನಿಮ್ಮ ಕಣ್ಣಿನಲ್ಲಿ ಏನೂ ದೋಷವಿಲ್ಲ ಎಂದರು. ನಾನು ಚಸ್ಮಾದ ಅಂಗಡಿಗೆ ಹೋಗಿ ನಂಬರಿಲ್ಲದ ಬರೀ ಗಾಜು ಹಾಕಿಸಿ ಕಪ್ಪು ಕಟ್ಟಿನ ಚಸ್ಮಾ ಒಂದನ್ನು ಕೊಂಡೆ. ಓಣಿಯ ತಿರುವಿಗೆ ಬಂದ ಕೂಡಲೇ ಏರಿಸುತ್ತಿದ್ದೆ, ಮನೆಗೆ ಬಂದು ಇಳಿಸಿದ ಮೇಲೆ ಪೇಪರು ಓದುತ್ತಿದ್ದೆ. ಹೀಗೆ ಕೆಲವು ತಿಂಗಳು ಹೋದವು. ಒಂದು ದಿನ ನೀಲವ್ವ ಕಟ್ಟೆಯ ಮೇಲೆ ಕೂತಿದ್ದವಳು, "ಎಷ್ಟು ಧೂಳ ಹಿಡಸೀರಿ ಮಾಸ್ತರ, ಕೊಡ್ರಿಲ್ಲಿ" ಎಂದು ಚಸ್ಮಾ ಇಸಿದುಕೊಂಡು ಸೆರಗಿನಿಂದ ಒರೆಸಿದಳು. ಒರೆಸಿ, ಬೆಳಕಿಗೆ ಹಿಡಿದಳು. ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಮಡಿಲಲ್ಲಿದ್ದ ಒಂದು ಎಳೆಯನ್ನು ಗಾಜಿನ ಹಿಂದೆ ಹಿಡಿದು, ಗಾಜು ತೆಗೆದು, ಮತ್ತೆ ಹಿಡಿದು ನೋಡಿದಳು. ನಾನು ಎದುರಿಗೆ ಕೈ ಚಾಚಿಕೊಂಡು ನಿಂತಿದ್ದೆ.

"ಭಾಳ ಚೊಲೊ ಚಸ್ಮಾರಿ ಮಾಸ್ತರ" ಎಂದು ನನ್ನ ಕೈಗೆ ಕೊಟ್ಟಳು. "ಎಂದೂ ತಗೀಬ್ಯಾಡ್ರಿ."

ತೆಗೆದಿಲ್ಲ.